ಹುಣಸೆಬೀಜ ಮೀಮಾಂಸೆ

ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧಚತುಷ್ಟಯವನ್ನು ನಿರೂಪಿಸದೆ ಶಾಸ್ತ್ರಗ್ರಂಥವು ಮುಂದಡಿಯಿಡಲಾಗದೆಂಬುದು ಪೂರ್ವಾಚಾರ್ಯರ ಕಟ್ಟಳೆಯಾದುದರಿಂದ, ನಾಲ್ಕರಿಂದ ಏಳು ವರ್ಷದ ಶಿಶುಗಳಿಗೆ ಎಣಿಕೆ, ಬರಹ, ಓದುಗಳನ್ನು ಮನೆಯ ಜಗಲಿಯ ಮೇಲೆ ಕ್ರೀಡಾರೂಪದಿಂದ ರೂಢಿ ಮಾಡಿಸುವ ಈ ಶಾಸ್ತ್ರದಲ್ಲಿಯೂ ಆ ನಾಲ್ಕನ್ನು ಹೇಳಿಯೇ ಮುಂದುವರಿಯತಕ್ಕದ್ದು. ವಿಷಯವು ಹುಣಸೆಬೀಜ. ಪ್ರಯೋಜನವು ಮಗುವಿಗೆ ಲೆಕ್ಕ ಬರುವುದು. ಅವಾಂತರ ಪ್ರಯೋಜನವು ಮನೆಯ ಹಿರಿಯರಿಗೂ ಅದು ಮರಳಿ ಬರುವುದು. ಸಂಬಂಧವು ಬಹುಮಟ್ಟಿಗೆ ಅಜ್ಜಿ ಮೊಮ್ಮಕ್ಕಳದು. ಅಧಿಕಾರಿ ಯಾರೆಂಬಲ್ಲಿ ಮಾತ್ರ ಮತಭೇದವುಂಟು. ಲೋಕವು ಮಗುವನ್ನೇ ಅಧಿಕಾರಿಯೆಂದು ಭ್ರಮಿಸಿ, ಅದರಲ್ಲಿ ಚಿತ್ತಸ್ಥೈರ್ಯ, ಏಕಾಗ್ರತೆ ಮೊದಲಾದ ಸಾಧನಸಂಪತ್ತಿಯನ್ನು ಅಪೇಕ್ಷಿಸುತ್ತದೆ. ಅದು ಸಲ್ಲದು. ಮಗು ಸ್ವಭಾವತಃ ಸಿದ್ಧವಾಗಿಯೇ ಇರುತ್ತದೆ; ಪರೀಕ್ಷಿಸಬೇಕಾದದ್ದು ಅದರ ಎದುರು ಕೂರುವ ಹಿರಿಯನನ್ನು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬಲ್ಲವನೂ, ಸೋತಾಗ ಮುಖ ಚಿಕ್ಕದಾಗುವವನೂ, ಮುಮುಕ್ಷುವಿಗೆ ಮೋಕ್ಷದಲ್ಲಿರುವಷ್ಟೇ ಹಂಬಲವು ಗೆಲುವಿನಲ್ಲಿ ಉಳ್ಳವನೂ ಯಾವನೋ ಅವನೇ ಅಧಿಕಾರಿ.

ಇಲ್ಲಿ ಪೂರ್ವಪಕ್ಷಿಯು ಆಕ್ಷೇಪಿಸುತ್ತಾನೆ: “ಪಾಠವು ಕಹಿಯಾದುದು, ಆಟವು ಸಿಹಿಯಾದುದು, ಗುಳಿಗೆಗೆ ಬೆಲ್ಲವನ್ನು ಸವರಿದಂತೆ ಪಾಠಕ್ಕೆ ಆಟವನ್ನು ಸವರಿದರಾಯಿತು, ಹಿರಿಯನು ಗೆಲ್ಲಬಯಸಬೇಕೆಂಬ ನಿರ್ಬಂಧವೇಕೆ? 1150ರಲ್ಲಿಯೇ ಭಾಸ್ಕರಾಚಾರ್ಯನು ಲೀಲಾವತಿಯಲ್ಲಿ ದುಂಬಿಗಳ ಹಿಂಡನ್ನೂ ಹಂಸಗಳನ್ನೂ ಹಾವಿನ ಮೇಲೆರಗುವ ನವಿಲನ್ನೂ ಲೆಕ್ಕದೊಳಗೆ ಬಿಟ್ಟು ಈ ಮಾರ್ಗವನ್ನು ತೋರಿಸಲಿಲ್ಲವೆ?” ಸಮಾಧಾನವೇನೆಂದರೆ, ಮಗು ಬೆಲ್ಲವನ್ನು ನೆಕ್ಕಿ ಗುಳಿಗೆಯನ್ನು ಕಂಬದ ಸಂದಿಯಲ್ಲಿ ಇಡುತ್ತದೆ. ನವಿಲಿನ ಲೆಕ್ಕವನ್ನು ಐದು ವರ್ಷದವರಿಗೆ ಒಡ್ಡಿದವರೆಲ್ಲರ ಅನುಭವವೂ ಒಂದೇ: ನವಿಲು ಹಾವನ್ನು ತಿಂದಿತೋ ಇಲ್ಲವೋ ಎಂಬುದನ್ನು ತಿಳಿದುಕೊಂಡು ಮಗು ಎದ್ದುಹೋಗುತ್ತದೆ, ಶೇಷವೇನೂ ಉಳಿಯುವುದಿಲ್ಲ. ಆಚಾರ್ಯನ ದೋಷವಲ್ಲ ಇದು. ಆತನು ಬಲಿತವರಿಗಾಗಿ ಬರೆದನು. 9ನೆಯ ಶತಮಾನದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನಾಗಲಿ, 12ನೆಯ ಶತಮಾನದಲ್ಲಿ ವ್ಯವಹಾರಗಣಿತವನ್ನು ಕನ್ನಡದಲ್ಲಿಯೇ ರಚಿಸಿದ ರಾಜಾದಿತ್ಯನಾಗಲಿ ಹುಣಸೆಬೀಜಕ್ಕೆ ಪ್ರತ್ಯೇಕ ಅಧ್ಯಾಯವನ್ನು ಮೀಸಲಿಡದ ಕಾರಣ ಈ ಶಾಸ್ತ್ರಕ್ಕೆ ಸೂತ್ರವನ್ನು ನಾವೇ ರಚಿಸಿಕೊಳ್ಳಬೇಕಾಯಿತು. ಸೂತ್ರವಿದು: ‘ಪಾಠಗಂಧಾತ್ ಪಲಾಯನಮ್.’ ಪಾಠದ ದರ್ಶನದಿಂದಲ್ಲ, ಶ್ರವಣದಿಂದಲೂ ಅಲ್ಲ, ಗಂಧಮಾತ್ರದಿಂದಲೇ ಪಲಾಯನವೆಂದು ತಾತ್ಪರ್ಯ. ತಾಯಿ “ಬಾ ಮರೀ, ಒಂದು ಮಜವಾದ ಆಟ ಆಡೋಣ” ಎಂದು ಕರೆದಾಗ ಆಕೆಯ ಕಂಠದಲ್ಲಿ ಎಂದೂ ಇಲ್ಲದ ಮಾಧುರ್ಯವು ಹೊಮ್ಮುವುದಷ್ಟೆ. ಆ ಮಾಧುರ್ಯವೇ ಗಂಧ. ಪ್ರತ್ಯಕ್ಷ, ಅನುಮಾನ, ಉಪಮಾನಗಳನ್ನು ಮಗು ಒಪ್ಪಿದರೂ ಹಿರಿಯರ ಮಾತೆಂಬ ಶಬ್ದಪ್ರಮಾಣವನ್ನು ಎಂದಿಗೂ ಒಪ್ಪದೆಂಬುದು ಇದರಿಂದ ಸಿದ್ಧ.

ಇನ್ನು ಗಣಿತಪ್ರಕರಣ. ಕರಾವಳಿಯವರು ಚೆನ್ನೆಮಣೆಯೆಂದೂ, ಆಷಾಢದ ಮಳೆ ಹೊರಗೆ ಸುರಿಯುವ ಆಟಿ ತಿಂಗಳಿನಲ್ಲಿ ಆಡತಕ್ಕದ್ದೆಂದೂ ಹೇಳುವ, ಉಳಿದೆಡೆಗಳಲ್ಲಿ ಅಳಗುಳಿಮಣೆಯೆಂದು ಪ್ರಸಿದ್ಧವಾದ ಮರದ ಯಂತ್ರದಲ್ಲಿ ಸಾಲಿಗೆ 7ರಂತೆ ಎರಡು ಸಾಲುಗಳಲ್ಲಿ 14 ಗುಳಿಗಳಿರುತ್ತವೆ. ಗುಳಿಗೆ 5 ಬೀಜವೆಂಬ ಸಂಪ್ರದಾಯದವರಿಗೆ 70 ಬೀಜಗಳೂ, 4 ಎಂಬ ಸಂಪ್ರದಾಯದವರಿಗೆ 56 ಬೀಜಗಳೂ ಬೇಕು. ಇವೆರಡರಲ್ಲಿ ಯಾವುದು ಪ್ರಾಚೀನವೆಂಬ ವಾಗ್ವಾದವು ಎರಡು ಊರಿನ ಅಜ್ಜಿಯರು ಒಂದೇ ಮದುವೆಮನೆಯಲ್ಲಿ ಸೇರಿದಾಗ ಮಾತ್ರ ನಿರ್ಣೀತವಾಗತಕ್ಕದ್ದು, ಈವರೆಗೆ ಆಗಿಲ್ಲ. ಒಂದು ಗುಳಿಯ ಬೀಜಗಳನ್ನೆಲ್ಲ ಬಾಚಿಕೊಂಡು, ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿತ್ತುತ್ತ, ಕೈ ಬರಿದಾದೊಡನೆ ಅದರ ಮುಂದಿನ ಗುಳಿಯದನ್ನು ಬಾಚಿ ಮತ್ತೆ ಬಿತ್ತುತ್ತ, ಬರಿಗುಳಿ ಎದುರಾದಾಗ ಅದನ್ನು ಬೆರಳಿನಿಂದ ಸವರಿ ಆಚೆಯ ಗುಳಿಯ ಸಂಪತ್ತನ್ನು ಗೆದ್ದುಕೊಳ್ಳುವುದು ಕ್ರಮ. ಶಾಲೆಯ ಪುಸ್ತಕದಲ್ಲಿ ಏಳು ಐದು ಸೇರಿ ಸೋಮವಾರ ಹನ್ನೊಂದೂ ಮಂಗಳವಾರ ಹದಿಮೂರೂ ಆಗುವಂತೆ ಬರೆಯುವ ಮಗುವೇ ಇಲ್ಲಿ ಬೀಜವನ್ನು ಮುಟ್ಟದೆ, ತುಟಿಯನ್ನಲುಗಿಸದೆ, ಕಣ್ಣಿನಿಂದಲೇ ಮಣೆಯನ್ನು ಒಂದು ಸುತ್ತು ಬಂದು, ಯಾವ ಗುಳಿಯಿಂದ ಹೊರಟರೆ ಅಜ್ಜಿಯ ಹನ್ನೆರಡು ಬೀಜದ ರಾಶಿಯ ಹಿಂದಿನ ಬರಿಗುಳಿಯಲ್ಲಿ ಹೋಗಿ ನಿಲ್ಲಬಹುದೆಂಬುದನ್ನು ಕಂಡುಕೊಳ್ಳುತ್ತದೆ. ಅಜ್ಜಿಗೂ ಅದು ಮೊದಲೇ ಕಂಡಿರುತ್ತದೆ. ಆದುದರಿಂದಲೇ ಆಕೆ “ಯಾರೋ ಬಾಗಿಲು ತಟ್ಟಿದರು, ನೋಡಿ ಬಾ” ಎನ್ನುತ್ತಾಳೆ. ಭಾಗಾಕಾರದ ಪ್ರವೇಶವಾಗುವುದೂ ಇಲ್ಲಿಯೇ. ಎರಡನೆಯ ಆಟಕ್ಕೆ ಗೆದ್ದ ಬೀಜಗಳನ್ನು ಐದೈದಾಗಿ ತುಂಬುವಾಗ 32 ಬೀಜ ಪಡೆದವರಿಗೆ ಆರೇ ಗುಳಿ ತುಂಬಿ ಎರಡು ಮಿಗುತ್ತವೆ. ಏಳನೆಯ ಗುಳಿ ಬರಿದಾಗಿ ಬಾಯ್ತೆರೆದಿರುವಾಗ ಅಂಗೈಯಲ್ಲಿ ಉಳಿದ ಆ ಎರಡರ ಅವಮಾನವನ್ನು ಅನುಭವಿಸಿದ ಶಿಶುವಿಗೆ ಶೇಷವೆಂದರೇನೆಂಬುದನ್ನು ಮುಂದೆ ಯಾವ ಉಪಾಧ್ಯಾಯರೂ ವಿವರಿಸಬೇಕಾಗಿಲ್ಲ.

ಚೌಕಾಬಾರದ ವಿಚಾರವನ್ನೂ ಇಲ್ಲಿಯೇ ಹೇಳಬೇಕು. ಕವಡೆಯಿಲ್ಲದ ಮನೆಯಲ್ಲಿ ನಾಲ್ಕು ಹುಣಸೆಬೀಜಗಳ ಒಂದೊಂದು ಮಗ್ಗುಲನ್ನು ಕಲ್ಲಿಗುಜ್ಜಿ ಬೆಳ್ಳಗೆ ಮಾಡಿಕೊಳ್ಳುತ್ತಾರೆ. ಉಜ್ಜಿದ ಬೀಜವನ್ನು ಪಕ್ಕದವನ ತೋಳಿಗೆ ತಾಗಿಸಿ ಘರ್ಷಣೆಯಿಂದ ಉಷ್ಣವು ಜನಿಸುವುದೆಂಬ ತತ್ತ್ವವನ್ನು ಪ್ರತಿಪಾದಿಸುವುದು ಈ ಪ್ರಕರಣದ ಪೂರ್ವಾಂಗ. ಬಿಳಿ ಮಗ್ಗುಲು ಎಷ್ಟು ಮೇಲಾದರೆ ಅಷ್ಟು ಮನೆ. ನಾಲ್ಕೂ ಕಪ್ಪಾಗಿ ಬಿದ್ದರೆ ಎಂಟು. ಬೀಜಕ್ಕೆ ಎರಡು ಮಗ್ಗುಲಲ್ಲಿಯೂ ಸಮದೃಷ್ಟಿಯುಂಟೆಂದು ಒಪ್ಪಿದಲ್ಲಿ, ಹದಿನಾರು ಬಗೆಯ ಪತನಗಳಲ್ಲಿ ಎರಡು ಬೀಳುವುದಕ್ಕೆ ಆರು ಮಾರ್ಗಗಳೂ ಎಂಟು ಬೀಳುವುದಕ್ಕೆ ಒಂದೇ ಮಾರ್ಗವೂ ಇರುವುದನ್ನು ವಿದ್ವಾಂಸರು ಕಾಗದದ ಮೇಲೆ ಸಾಧಿಸುತ್ತಾರೆ. ಕಾಯಿ ಹಣ್ಣಾಗಲು ಎಂಟನ್ನೇ ಕಾದು ಕುಳಿತ ಮಗು ಕಣ್ಣೀರಿನಿಂದ ಸಾಧಿಸುತ್ತದೆ. ಹೀಗೆ ಕುಳಿತವರಲ್ಲೊಬ್ಬಳು ಎತ್ತಿದ ಪ್ರಶ್ನೆಯೊಂದು ಈ ಶಾಸ್ತ್ರದ ಮಹಾಪ್ರಶ್ನೆಯಾಗಿ ಉಳಿದಿದೆ: ನಾಲ್ಕಾದ ಮೇಲೆ ಎಂಟು ಬರುವುದಾದರೆ ಐದು, ಆರು, ಏಳು ಎಲ್ಲಿಗೆ ಹೋದವು? ಸಭೆಯಲ್ಲಿದ್ದ ಪದವೀಧರರು ಮೌನವಾದರು.

ಲೇಖನಪ್ರಕರಣದಲ್ಲಿ ವಿದೇಶೀಯ ಮತವನ್ನು ಮೊದಲು ಗೌರವಿಸೋಣ. 1907ರಲ್ಲಿ ರೋಮ್ ನಗರದ ಬಡಕೇರಿಯೊಂದರಲ್ಲಿ ಶಿಶುಗೃಹವನ್ನು ತೆರೆದು, 1939ರಲ್ಲಿ ಮದರಾಸಿನ ಅಡಯಾರಿಗೂ ಬಂದ ಮರಿಯಾ ಮಾಂಟೆಸೊರಿಯು ಉಪ್ಪುಕಾಗದದಿಂದ ಕತ್ತರಿಸಿದ ಅಕ್ಷರಗಳ ಮೇಲೆ ಮಗುವಿನ ಬೆರಳನ್ನಾಡಿಸಿ, ಕಣ್ಣಿಗಿಂತ ಮೊದಲು ಚರ್ಮಕ್ಕೆ ಅಕ್ಷರವನ್ನು ಕಲಿಸಿದಳು. ನಮ್ಮ ಕೂಲಿಮಠಗಳ ಮರಳೂ ವಿಜಯದಶಮಿಯ ಅಕ್ಕಿಯ ತಟ್ಟೆಯೂ ಈ ಮತಕ್ಕೆ ವಿರೋಧವಲ್ಲ. ಆದರೆ ಇವೆಲ್ಲಕ್ಕೂ ಒಂದು ಸಮಾನದೋಷವುಂಟು: ಬರೆದದ್ದನ್ನು ತಿನ್ನಲು ಬಾರದು. ಚಕ್ಕುಲಿಯ ಹಿಟ್ಟಿನ ಸಿದ್ಧಾಂತವು ಈ ಕೊರತೆಯನ್ನು ನೀಗಿಸುತ್ತದೆ. ಕಲಸಿದ ಹಿಟ್ಟಿನಿಂದ ಒಂದು ಹಿಡಿಯನ್ನು ಮಕ್ಕಳ ಮುಂದಿಟ್ಟು, ಹೊಸೆದು ಯಾವ ಅಕ್ಷರವನ್ನು ಮಾಡುವರೋ ಕರಿದ ಮೇಲೆ ಅದು ಅವರದೇ ಎಂದು ಅಜ್ಜಿಯು ಸಾರಿದಳೆಂದರೆ, ‘ರ’ದಂತಹ ಅಲ್ಪವ್ಯಯದ ಅಕ್ಷರದ ಕಡೆ ಯಾರೂ ತಿರುಗಿ ನೋಡರು. 49 ಅಕ್ಷರಗಳಲ್ಲಿ ಯಾವುದಕ್ಕೆ ಹೆಚ್ಚು ಹಿಟ್ಟು ಹಿಡಿಯುವುದೆಂಬ ಸೂಕ್ಷ್ಮ ಸಂಶೋಧನೆ ಒಡನೆಯೇ ಆರಂಭವಾಗಿ, ‘ಋ’ಕಾರಕ್ಕೂ ‘ಝ’ಕಾರಕ್ಕೂ ಎಂದೂ ಇಲ್ಲದ ಮರ್ಯಾದೆ ದೊರೆಯುತ್ತದೆ, ವೈಯಾಕರಣರು ಬದಿಗೊತ್ತಿದ ‘ೠ’ವನ್ನು ಹಳೆಯ ವರ್ಣಮಾಲೆಯ ಪಟದಿಂದ ಹೆಕ್ಕಿ ತಂದವರೂ ಉಂಟು. ಒತ್ತಕ್ಷರವು ಅಕ್ಷರದ ಅಂಗವೋ ಪ್ರತ್ಯೇಕ ತಿಂಡಿಯೋ ಎಂಬ ವ್ಯಾಜ್ಯವು ಬಾಣಲೆಯ ಮುಂದೆ ಹುಟ್ಟಿದಾಗ, ಕಚ್ಚಿಕೊಂಡಿದ್ದರೆ ಅಂಗ, ಎಣ್ಣೆಯಲ್ಲಿ ಕಳಚಿದರೆ ಅಡಿಗೆಯವರ ಪಾಲು ಎಂದು ತೀರ್ಪಾಗಿದೆ. ಅಂದಿನಿಂದ ಮಕ್ಕಳು ಒತ್ತನ್ನು ಮೂಲಾಕ್ಷರಕ್ಕೆ ಭದ್ರವಾಗಿ ಹೊಂದಿಸಿ ಬರೆಯುತ್ತಿದ್ದಾರೆ.

ಪಠನದ ವಿಷಯದಲ್ಲಿ ಹೆಚ್ಚು ಹೇಳಬೇಕಾದದ್ದಿಲ್ಲ. ಬೆಲ್ಲದ ಡಬ್ಬಿಯು ಎಲ್ಲಿದೆಯೆಂದು ಚೀಟಿಯಲ್ಲಿ ಬರೆದು ಗೋಡೆಗೆ ಅಂಟಿಸಿದರೆ ಸಾಕು. ಸುಳ್ಳು ಬರೆದರೆ ಮಾತ್ರ ಸಾಕ್ಷರತೆಯ ಮೇಲಿನ ನಂಬಿಕೆಯೇ ಕೆಡುತ್ತದೆ. ಪ್ರತಿ ಅಕ್ಷರದ ಮುಂದೆಯೂ ಕಕಾರವನ್ನು ಸೇರಿಸಿ ದೊಡ್ಡವರಿಗೆ ತಿಳಿಯದಂತೆ ಮಾತನಾಡುವ ‘ಕ’ಭಾಷೆಯನ್ನು ಮನೆಯವರು ಗದರಿ ಬಿಡಿಸುವುದುಂಟು. ಇದು ಅವಿವೇಕ. ಪದವನ್ನು ಅಕ್ಷರ ಅಕ್ಷರವಾಗಿ ಒಡೆಯಲಾರದವನಿಗೆ ಆ ಭಾಷೆಯಲ್ಲಿ ಬಾಯಿ ತೆರೆಯಲೂ ಸಾಧ್ಯವಿಲ್ಲವಾದುದರಿಂದ, ಗುಟ್ಟಿನ ಆಸೆಗಾಗಿ ಮಕ್ಕಳು ತಮ್ಮಷ್ಟಕ್ಕೆ ತಾವೇ ನಡೆಸುತ್ತಿರುವ ವ್ಯಾಕರಣಪಾಠಶಾಲೆ ಅದು; ಹಿರಿಯರಿಗೆ ಅಲ್ಲಿ ಪ್ರವೇಶವಿಲ್ಲವೆಂಬುದೊಂದೇ ಅವರ ಸಿಟ್ಟಿನ ಕಾರಣ.

ದೋಷಗಳಲ್ಲಿ ಮಹತ್ತಾದದ್ದು ಬೇಕೆಂದೇ ಸೋಲುವುದು. ಮಗುವಿಗೆ ಉತ್ಸಾಹ ಬರಲೆಂದು ಕೆಟ್ಟ ಗುಳಿಯನ್ನು ಆರಿಸಿಕೊಂಡು “ಅಯ್ಯೋ, ಸೋತೆ!” ಎಂದು ಕೈಚೆಲ್ಲುವ ಚಿಕ್ಕಪ್ಪನನ್ನು ಮಗು ಎರಡನೆಯ ಸರದಿಯಲ್ಲಿಯೇ ಗುರುತಿಸಿ, ಮೂರನೆಯದಕ್ಕೆ ಕರೆಯುವುದಿಲ್ಲ. ಅಜ್ಜಿಯ ಮೋಸವನ್ನು ಅದು ಸಹಿಸುತ್ತದೆ, ಏಕೆಂದರೆ ಮೋಸ ಮಾಡುವವರಿಗೆ ಆಟವು ನಿಜವಾದುದು. ಚಿಕ್ಕಪ್ಪನ ಔದಾರ್ಯದಲ್ಲಿ ಪಾಠದ ಗಂಧವಿದೆ.

ಪರಿಶಿಷ್ಟದಲ್ಲಿ ಎರಡು ಮಾತುಗಳು. ಮಣೆಗೆ ಗುಲಗಂಜಿಯನ್ನು ಬಳಸುವ ಪದ್ಧತಿಯು ಕೆಲವೆಡೆ ಇದ್ದರೂ, ಜಗಿದು ನುಂಗಿದರೆ ಅದು ಘೋರವಿಷವಾದ್ದರಿಂದ ಶಿಶುಗಳಿರುವಲ್ಲಿ ಸರ್ವಥಾ ವರ್ಜ್ಯ. ಹುಣಸೆಬೀಜವೂ ಮೂಗಿನ ಹೊಳ್ಳೆಗೆ ಸರಿಯಾಗಿ ಹೊಂದುವ ಪ್ರಮಾಣದ್ದಾದ್ದರಿಂದ ಮೂರು ವರ್ಷದೊಳಗಿನವರನ್ನು ಮಣೆಯಿಂದ ದೂರ ಕೂರಿಸುವುದು. ಎರಡನೆಯದು ನಷ್ಟಬೀಜಶೋಧನಕ್ರಮ. ಆಟದ ನಡುವೆ ಮಗು ಹಠಾತ್ತಾಗಿ ಎರಡೂ ಕಡೆಯ ಬೀಜಗಳನ್ನು, ಯಾರೂ ಹೇಳದೆ, ಐದೈದರ ಗುಡ್ಡೆಗಳಾಗಿ ಎಣಿಸಿ 69 ಎಂದು ಘೋಷಿಸಿದಲ್ಲಿ ಎಣಿಕೆಯ ಸಂದೇಹಕ್ಕೆ ಎಡೆಯಿಲ್ಲ, ಬೀಜವೇ ಕಾಣೆಯಾಗಿದೆ. ತೊಟ್ಟಿಲ ಕೂಸಿನ ಬಾಯಿಯನ್ನು ಮೊದಲು ನೋಡತಕ್ಕದ್ದು, ಅದು ಪ್ರಾಣದ ವಿಷಯ. ಆಮೇಲೆ ಚಾಪೆಯ ಅಂಚು, ಮಣೆಯ ಅಡಿ. ಅಲ್ಲಿಯೂ ಸಿಗದ ಪಕ್ಷದಲ್ಲಿ, ಸೋಲುವ ಸ್ಥಿತಿಯಲ್ಲಿರುವ ಹಿರಿಯರು ಯಾರೋ ಅವರನ್ನು ವಿನಯಪೂರ್ವಕವಾಗಿ ಬಲಮಂಡಿಯನ್ನು ಎತ್ತುವಂತೆ ಕೇಳಿಕೊಳ್ಳುವುದು.