ಸೀರೆ ಬಂದಿಲ್ಲ, ಸಾಕ್ಷಿ ಬಂದಿದೆ

ಇಳಕಲ್ಲಿನಿಂದ ಹೊರಟ ಸೀರೆಯೊಂದು ಬೆಂಗಳೂರಿನ ವೈಟ್‌ಫೀಲ್ಡ್ ಮುಟ್ಟಿತೋ ಇಲ್ಲವೋ ಎಂದು ಕೇಳಿದರೆ ಈಗ ಮೂರು ಉತ್ತರ ಸಿಗುತ್ತವೆ. ಕೊಂಡವರು ಬಂದಿಲ್ಲ ಎನ್ನುತ್ತಾರೆ. ಕೊರಿಯರ್‌ನವರು ಕೊಟ್ಟು ಎರಡು ದಿನವಾಯಿತು ಎನ್ನುತ್ತಾರೆ. ಆ್ಯಪ್ ಅಂತೂ, ತಲುಪಿದೆ, ನಿಮ್ಮ ಅನುಭವಕ್ಕೆ ಎಷ್ಟು ಸ್ಟಾರ್ ಕೊಡುತ್ತೀರಿ ಎಂದು ಕೇಳುತ್ತದೆ. ಇವರೆಲ್ಲರ ಆಚೆ, ನಾನೂರಕ್ಕೂ ಹೆಚ್ಚು ಕಿಲೊಮೀಟರ್ ದೂರದಲ್ಲಿ, ಸೀರೆ ಮಾರಿದಾಕೆ ಕೂತಿದ್ದಾಳೆ. ಉತ್ತರ ಗೊತ್ತಿಲ್ಲದಿರುವುದು ಅವಳೊಬ್ಬಳಿಗೇ. ಆದ್ದರಿಂದ ಉತ್ತರ ಕೊಡುವ ಹೊಣೆ ಅವಳದೇ ಎಂದು ಎಲ್ಲರೂ ಸೇರಿ ತೀರ್ಮಾನಿಸಿದ್ದಾರೆ.

ಆರ್ಡರ್ ಆ್ಯಪಿನಲ್ಲಿ, ವಿಚಾರಣೆ ವಾಟ್ಸ್ಆ್ಯಪಿನಲ್ಲಿ. ರಾತ್ರಿ ಹನ್ನೊಂದಕ್ಕೆ ದುಡ್ಡು ಕಟ್ಟಿದವರು ಬೆಳಗ್ಗೆ ಏಳಕ್ಕೆ ಎದ್ದು ಹಲ್ಲುಜ್ಜುವ ಮೊದಲೇ 'ಎನಿ ಅಪ್‌ಡೇಟ್?' ಎಂದು ಕೇಳುತ್ತಾರೆ. ಅವರನ್ನೂ ಪೂರ್ತಿ ದೂರುವಂತಿಲ್ಲ. ಹಾಲು ಹತ್ತು ನಿಮಿಷದಲ್ಲಿ ಬರುವ ಬೀದಿಯಲ್ಲಿ ವಾಸ. ಒಗ್ಗರಣೆಗೆ ಎಣ್ಣೆ ಕಾಯಲಿಟ್ಟು ಕರಿಬೇವು ಆರ್ಡರ್ ಮಾಡುವ ಧೈರ್ಯ. ಅಂಥವರಿಗೆ ಪಕ್ಕದ ಬೇಸ್‌ಮೆಂಟಿನಲ್ಲೇ ಒಂದು ಮಗ್ಗವೂ ಇರಬೇಕು ಅನಿಸಿದರೆ ಸಹಜವೇ. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಎಳೆಯಾಗಿ ಕೊಂಡಿ ಹಾಕಿ ಕೂಡಿಸಬೇಕು. ಇದನ್ನು ಗಿರಾಕಿ ಬಲ್ಲರು, ರೀಲ್ಸಿನಲ್ಲಿ ನೋಡಿ ಹೃದಯವನ್ನೂ ಒತ್ತಿದ್ದಾರೆ. 'ಸ್ಲೋ ಫ್ಯಾಷನ್' ಎಂದು ಪ್ರೊಫೈಲಿನಲ್ಲಿ ಬರೆದುಕೊಂಡವರೂ ಅವರೇ. ನಿಧಾನ ಇರಬೇಕಾದದ್ದು ನೇಯ್ಗೆಯಲ್ಲಿ, ಪಾರ್ಸೆಲಿನಲ್ಲಲ್ಲ.

"ನಿನ್ನಿ ಸಂಜಿ ಮುಂದ ಕಳಿಸೀನ್ರಿ ಮೇಡಮ್ಮಾರ. ಪಾವತಿ ಹಾಕೀನಿ, ನೋಡ್ರಿ."

"ಟ್ರ್ಯಾಕಿಂಗ್ ಓಪನ್ ಆಗ್ತಿಲ್ಲ. ಇದು ಫ್ರಾಡ್ ಅಲ್ಲ ತಾನೆ?"

"ಅಲ್ರೀ ಅಕ್ಕಾರ, ಅದರಾಗ ಇನ್ನಾ ಎಂಟ್ರಿ ಆಗಿರಂಗಿಲ್ರಿ. ನಮ್ಮ ಮನಿ ಮಗ್ಗದ್ದ ಐತ್ರಿ ಸೀರಿ."

ಅನುಮಾನ ಬಂದೊಡನೆ ಮೇಡಮ್ಮಾರು ಅಕ್ಕಾರಾಗುತ್ತಾರೆ. ನಂಟಸ್ತಿಕೆ ಬೆಳೆಸಿದರೆ ರೀಫಂಡ್ ಕೇಳಲಿಕ್ಕಿಲ್ಲ ಎಂಬುದು ಉತ್ತರ ಕರ್ನಾಟಕದ ಹಳೆಯ ವ್ಯಾಪಾರನೀತಿ. ವೈಟ್‌ಫೀಲ್ಡಿನಲ್ಲಿ ಅದು ನಡೆಯುವುದಿಲ್ಲ.

ಆಮೇಲೆ ಟ್ರ್ಯಾಕಿಂಗ್ ಪುಟ ತೆರೆಯುತ್ತದೆ. ಅಜ್ಜಂದಿರು ಪಂಚಾಂಗ ನೋಡುತ್ತಿದ್ದಷ್ಟು ಭಕ್ತಿಯಿಂದ ಅದನ್ನು ನೋಡಲಾಗುತ್ತದೆ, ಫಲವೂ ಹೆಚ್ಚುಕಡಿಮೆ ಅಷ್ಟೇ. ಚೀಲಕ್ಕೆ ಹಾಕಲಾಗಿದೆ. ಚೀಲ ಹೊರಟಿದೆ. ಚೀಲ ಬಂದಿದೆ. ಹೊರಟಲ್ಲಿಗೇ ಬಂದಿದೆಯೋ, ಬರಬೇಕಾದಲ್ಲಿಗೆ ಬಂದಿದೆಯೋ ಎಂಬುದು ಓದುವವರ ಪುಣ್ಯಕ್ಕೆ ಬಿಟ್ಟದ್ದು. ಮೂರನೇ ದಿನ 'ಔಟ್ ಫಾರ್ ಡೆಲಿವರಿ' ಎಂದು ಬರುತ್ತದೆ. ಅಂದು ಮನೆಮಂದಿಯೆಲ್ಲ ಸ್ನಾನಕ್ಕೂ ಸರದಿಯಲ್ಲಿ ಹೋಗುತ್ತಾರೆ. ರಾತ್ರಿ ಒಂಬತ್ತೂ ನಲವತ್ತಕ್ಕೆ ಸಂದೇಶ: ಗ್ರಾಹಕರು ಮನೆಯಲ್ಲಿರಲಿಲ್ಲ.

ಹೀಗೆ ಬರೆದ ಹುಡುಗನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸುಲಭ. ಅವನಿಗೆ ಸಿಗುವುದು ಪೊಟ್ಟಣದ ಲೆಕ್ಕದಲ್ಲಿ ಕೂಲಿ. ಹಬ್ ಮುಚ್ಚುವ ಮೊದಲು ಬ್ಯಾಗಿನಲ್ಲಿ ಉಳಿದ ಪ್ರತಿಯೊಂದಕ್ಕೂ ಒಂದು ಕಾರಣ ತುಂಬಲೇಬೇಕು, ಪರದೆಯ ಮೇಲಿನ ಕಾರಣಗಳಲ್ಲಿ 'ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಸತ್ತೆ' ಎಂಬುದಿಲ್ಲ. ಕಂಪನಿ ಅವನಿಂದ ಕೇಳುವುದು ಸುಳ್ಳನ್ನಲ್ಲ, ಪಟ್ಟಿಯಲ್ಲಿರುವುದನ್ನು ಮಾತ್ರ. ಅಂಥವರಿಗಾಗಿ ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾನೂನನ್ನಾದರೂ ಮಾಡಿತು. ಸೀರೆಯಾಕೆಗೆ ಇರುವ ಕಾನೂನುಗಳನ್ನು ನೋಡಿದರೆ ಮಾತ್ರ ನಗು ತಡೆಯುವುದು ಕಷ್ಟ.

1930ರ ಸರಕು ಮಾರಾಟ ಕಾಯ್ದೆಯ 39ನೇ ಸೆಕ್ಷನ್ ಆಕೆಯ ಪರವಾಗಿಯೇ ಇದೆ. ಕೊಂಡವರಿಗೆ ಮುಟ್ಟಿಸಲೆಂದು ಸರಕನ್ನು ಸಾಗಣೆದಾರನ ಕೈಗಿತ್ತರೆ ಮೇಲ್ನೋಟಕ್ಕೆ ಕೊಂಡವರ ಕೈಗೇ ಇತ್ತಂತೆ. ಅಂದರೆ ಇಳಕಲ್ಲಿನ ಕೌಂಟರಿನಲ್ಲಿ ಸೀಲು ಬಿದ್ದ ಗಳಿಗೆಯಲ್ಲೇ ಸೀರೆ ವೈಟ್‌ಫೀಲ್ಡಿನ ಕಪಾಟು ಸೇರಿಯಾಯಿತು. ಇದನ್ನು ಗಿರಾಕಿಗೆ ವಾಟ್ಸ್ಆ್ಯಪಿನಲ್ಲಿ ಹೇಳಿ ನೋಡಿ. ಅದೂ ಅಲ್ಲದೆ ಬೇರೆ ಕರಾರು ಇದ್ದರೆ ಆ ಕರಾರೇ ದೊಡ್ಡದು, ಆ್ಯಪಿನ ಇಂಗ್ಲಿಷ್ ಕರಾರಿನ ಕೊನೆಯಲ್ಲಿ ಆಕೆ 'ಒಪ್ಪಿದೆ' ಎಂದು ಒತ್ತಿ ಬಹಳ ದಿನಗಳಾದವು. ಮಗನ ಕೈಲಿ ಒತ್ತಿಸಿದ್ದು.

ಅಂಚೆಗೆ ಬನ್ನಿ. ಕಳೆದರೆ, ತಡವಾದರೆ, ತಪ್ಪು ಮನೆ ಸೇರಿದರೆ, ಹಾಳಾದರೆ ಇಲಾಖೆ ಹೊಣೆಯಲ್ಲ ಎಂದು ಬ್ರಿಟಿಷರು 1898ರಲ್ಲೇ ರಕ್ಷೆ ಕಟ್ಟಿದ್ದರು. ಬ್ರಿಟಿಷರು ಹೋದರು, ಆ ಕಾಯ್ದೆಯೂ ಹೋಯಿತು. 2023ರ ಹೊಸ ಅಂಚೆ ಕಾಯ್ದೆ 2024ರ ಜೂನ್‌ನಲ್ಲಿ ಜಾರಿಗೆ ಬಂತು. ವಸಾಹತುಶಾಹಿಯ ಕುರುಹುಗಳನ್ನೆಲ್ಲ ಅಳಿಸುವ ಉತ್ಸಾಹದಲ್ಲೂ ಆ ರಕ್ಷೆಯನ್ನು ಜೋಪಾನವಾಗಿ ಉಳಿಸಿಕೊಳ್ಳಲಾಯಿತು. ನಿಯಮದಲ್ಲಿ ಒಪ್ಪಿಕೊಂಡಷ್ಟಕ್ಕೆ ಮಾತ್ರ ಹೊಣೆ. ವಿಮೆ ಮಾಡಿಸದ ಸ್ಪೀಡ್ ಪೋಸ್ಟ್ ಕಳೆದುಹೋದರೆ ಬಹುಕಾಲದಿಂದ ಇರುವ ಪರಿಹಾರವೆಂದರೆ ಕಟ್ಟಿದ ಶುಲ್ಕದ ಎರಡು ಪಟ್ಟು ಅಥವಾ 1,000 ರೂಪಾಯಿ, ಯಾವುದು ಕಡಿಮೆಯೋ ಅದು. ಸೀರೆಯ ಬೆಲೆ ಈ ಲೆಕ್ಕದಲ್ಲಿ ಎಲ್ಲೂ ಬರುವುದಿಲ್ಲ, ಅದು ಇಲಾಖೆಗೆ ಸಂಬಂಧಪಟ್ಟ ವಿಷಯವಲ್ಲ.

ಆ್ಯಪಿನದು ಇನ್ನೂ ಸೊಗಸು. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 79ನೇ ಸೆಕ್ಷನ್ ಅದಕ್ಕೆ ಮಧ್ಯವರ್ತಿ ಎಂಬ ಪೀಠ ಕೊಟ್ಟಿದೆ. ಕಮಿಷನ್ ಹಿಡಿಯುವಾಗ ಪಾಲುದಾರ, ಜಾಹೀರಾತಿನಲ್ಲಿ ಕುಟುಂಬದ ಸದಸ್ಯ, ದೂರು ಬಂದೊಡನೆ ದಾರಿಹೋಕ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ದೂರಿಗೆ 48 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಸ್ವೀಕೃತಿ ಕಣ್ಣು ಮಿಟುಕಿಸುವುದರೊಳಗೆ ಬರುತ್ತದೆ. ಈ ದೇಶದಲ್ಲಿ ಅಷ್ಟು ವೇಗದ ಡೆಲಿವರಿ ಇನ್ನೊಂದಿಲ್ಲ, ಕೊತ್ತಂಬರಿಯೂ ಸೇರಿ.

ಚೆಕ್ ಬೌನ್ಸ್ ಆದವರ ಅದೃಷ್ಟ ನೋಡಿ ಸೀರೆಯಾಕೆ ಹೊಟ್ಟೆಕಿಚ್ಚು ಪಡಬಹುದು. ಅಲ್ಲ, ಚೆಕ್ ಪಡೆದವರ ಅದೃಷ್ಟ. ಸರಿಯಾದ ವಿಳಾಸಕ್ಕೆ ರಿಜಿಸ್ಟರ್ಡ್ ಅಂಚೆಯಲ್ಲಿ ನೋಟಿಸು ಕಳಿಸಿ, ಅದು 'ಬಾಗಿಲು ಹಾಕಿದೆ' ಎಂಬ ಷರಾದೊಂದಿಗೆ ವಾಪಸು ಬಂದರೂ ಜಾರಿಯಾಯಿತೆಂದೇ ಭಾವಿಸಬೇಕು ಎಂದು ಸುಪ್ರೀಂ ಕೋರ್ಟ್ 2007ರಲ್ಲಿ ಹೇಳಿದೆ. ಹೀಗೆ ಬಾಗಿಲು ಹಾಕಿದ್ದರೂ ನೋಟಿಸು ಒಳಗೆ ಹೋಗುತ್ತದೆ. ಅದೇ ಬಾಗಿಲಿಗೆ ಸೀರೆ ಹೋದರೆ ವಾಪಸು ಇಳಕಲ್ಲಿಗೇ ಬರುತ್ತದೆ, ಕ್ಯಾಶ್ ಆನ್ ಡೆಲಿವರಿ ಆಗಿದ್ದರೆ ಎರಡೂ ದಿಕ್ಕಿನ ಖರ್ಚನ್ನು ಬೆನ್ನಿಗೆ ಕಟ್ಟಿಕೊಂಡು. ಇನ್ನು ಆ ರಿಜಿಸ್ಟರ್ಡ್ ಅಂಚೆಯೂ 2025ರಲ್ಲಿ ಸ್ಪೀಡ್ ಪೋಸ್ಟ್‌ನಲ್ಲಿ ಲೀನವಾಗಿದೆ. ಸಹಿ ಹಾಕಿಸಿಕೊಂಡು ಮರಳಿ ಬರುತ್ತಿದ್ದ ಸ್ವೀಕೃತಿ ಕಾರ್ಡಿನ ಕಾಲ ನನಗೆ ನೆನಪಿದೆ. ಸಹಿ ಯಾರದೆಂದು ಆಗಲೂ ಓದಲಾಗುತ್ತಿರಲಿಲ್ಲ, ಆದರೆ ಮನುಷ್ಯರೊಬ್ಬರು ಪೆನ್ನು ಹಿಡಿದಿದ್ದಂತೂ ಖಾತ್ರಿಯಾಗುತ್ತಿತ್ತು. ಈಗ ಬೆರಳಿನಲ್ಲಿ ಗಾಜಿನ ಮೇಲೆ ಗೀಚಿದ ಒಂದು ಅಡ್ಡಗೆರೆ. ಅದು ಸಹಿಯೂ ಇರಬಹುದು, ಸೊಳ್ಳೆ ಹೊಡೆದದ್ದೂ ಇರಬಹುದು.

ಗೆರೆ ಸಾಲದೆಂದು ಫೋಟೊ ಬಂತು. ನಮ್ಮ ಪ್ರಕರಣದ ಫೋಟೊದಲ್ಲಿ ಬೂದು ಬಣ್ಣದ ಬಾಗಿಲಿನ ಕಾಲುಭಾಗ, ಹುಡುಗನ ಹೆಬ್ಬೆರಳು, ಒಂದು ಜೊತೆ ನೀಲಿ ಹವಾಯಿ ಚಪ್ಪಲಿ ಇವೆ. ಪಾರ್ಸೆಲ್ಲಿನ ಒಂದು ಮೂಲೆಯೂ ಇದೆ. "ಆ ಚಪ್ಪಲಿ ನಮ್ಮದಲ್ಲ" ಎಂದು ಗಿರಾಕಿ ವಾದಿಸಿದರು. "ಚಪ್ಪಲ್ ನಾ ಕಳಿಸಿಲ್ರಿ" ಎಂದು ಈಕೆ ಉತ್ತರಿಸಿದಳು. ಆಮೇಲೆ ಒಟಿಪಿ. ಒಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ಬ್ಯಾಂಕು ಗಂಟಲು ಹರಿದುಕೊಳ್ಳುತ್ತದೆ. ಹೇಳದಿದ್ದರೆ ಪಾರ್ಸೆಲ್ ಇಲ್ಲ ಎಂದು ಕೊರಿಯರ್ ಫೋನು ಮಾಡುತ್ತದೆ. ಅರ್ಧ ದಾರಿಯಲ್ಲೇ ಒಟಿಪಿ ಕೇಳಿ ಪಡೆದು, ಗೇಟಿನಲ್ಲಿ ಬಿಟ್ಟು ಹೋದರೆ ಅದು ಗಿರಾಕಿಯ ಕೈಗೇ ಕೊಟ್ಟದ್ದಕ್ಕೆ ಪಕ್ಕಾ ಪುರಾವೆ.

ಮಾರುವವರೂ ಸಾಚಾ ಅಲ್ಲ. ನೇಯ್ಗೆ ಇನ್ನೂ ಮೊಳದಷ್ಟೂ ಆಗದ ಸೀರೆಗೆ ಲೇಬಲ್ ಮುದ್ರಿಸಿ 'ಶಿಪ್ಡ್' ಎನ್ನುವವರಿದ್ದಾರೆ. ರಶೀದಿಯ ಸಂಖ್ಯೆ ಓದಲಾಗದಂತೆ ಕೈ ನಡುಗಿಸಿ ಫೋಟೊ ತೆಗೆಯುವ ಕಲೆ ಹಲವರಿಗೆ ಸಿದ್ಧಿಸಿದೆ. ಸರ್ವರ್ ಡೌನ್, ಊರ ಜಾತ್ರೆ, ಮನೆಯಲ್ಲಿ ಸೂತಕ ಎಂಬ ಕಾರಣಗಳು ಒಂದೇ ಅಂಗಡಿಯಲ್ಲಿ ಸರದಿಯಂತೆ ಬರುತ್ತವೆ, ಸೂತಕ ವರ್ಷಕ್ಕೆ ನಾಲ್ಕು ಸಲ. ಮತ್ತೆ ಆ ಅನ್‌ಬಾಕ್ಸಿಂಗ್ ವಿಡಿಯೊ! ಕತ್ತರಿ ಇಡುವಲ್ಲಿಂದ ಕೊನೆಯ ಮಡಿಕೆಯವರೆಗೆ ಎಲ್ಲೂ ನಿಲ್ಲಿಸದೆ ಚಿತ್ರಿಸಿದ ವಿಡಿಯೊ ಇಲ್ಲದಿದ್ದರೆ ದೂರೇ ಕೇಳುವುದಿಲ್ಲವೆಂದು ಫಲಕ ಹಾಕಿರುತ್ತಾರೆ. ಅದಕ್ಕೂ ಕಾರಣವಿದೆ ಅನ್ನಿ. ಬಣ್ಣ ಬೇರೆ ಎಂದು ಹಿಂತಿರುಗಿಸಿದ ಸೀರೆಯ ನೆರಿಗೆಯಿಂದ ಅಕ್ಷತೆ ಕಾಳು ಉದುರಿದರೆ ಯಾರ ನಂಬಿಕೆ ತಾನೆ ಉಳಿದೀತು? ಹಾಗಾಗಿ ಈಗ ಕಟ್ಟುವವರೂ ಚಿತ್ರಿಸುತ್ತಾರೆ, ಬಿಚ್ಚುವವರೂ ಚಿತ್ರಿಸುತ್ತಾರೆ, ಗೇಟಿನ ಕ್ಯಾಮೆರಾ ಹಗಲಿರುಳು ಚಿತ್ರಿಸುತ್ತದೆ. ಇಷ್ಟೆಲ್ಲ ಚಿತ್ರೀಕರಣದ ನಡುವೆ ಪಾರ್ಸೆಲ್ ನಾಪತ್ತೆಯಾಗುವುದು ಯಾವುದಾದರೂ ಎರಡು ಕ್ಯಾಮೆರಾಗಳ ನಡುವೆಯೇ.

ವಿಳಾಸದ ಗೋಳನ್ನು ಹೆಚ್ಚು ಬೆಳೆಸುವುದಿಲ್ಲ. 1972ರಲ್ಲಿ ಪಿನ್‌ಕೋಡ್ ಬಂದರೂ ನಾವು 'ಗಣಪತಿ ಗುಡಿ ಹಿಂದೆ, ನೀರಿನ ಟ್ಯಾಂಕ್ ಎದುರು' ಬಿಟ್ಟಿಲ್ಲ. 2025ರಲ್ಲಿ ಅಂಚೆ ಇಲಾಖೆ ಡಿಜಿಪಿನ್ ತಂದು ದೇಶವನ್ನೆಲ್ಲ ಸುಮಾರು ನಾಲ್ಕು ಮೀಟರ್ ಉದ್ದಗಲದ ಚೌಕಗಳಾಗಿ ಹೆಣೆದಿದೆ. ಚೌಕ ನೆಲದ್ದು. ಆ ಚೌಕದ ಮೇಲೆ ಹದಿನಾಲ್ಕು ಅಂತಸ್ತು ಎದ್ದಿದ್ದರೆ ಹದಿನಾಲ್ಕು ಅಡುಗೆಮನೆಗೂ ಒಂದೇ ಡಿಜಿಪಿನ್.

ನಮ್ಮ ಸೀರೆಯೂ ಎಡವಿದ್ದು ವಿಳಾಸದಲ್ಲೇ. ಬಿ ಟವರಿನ 704ಕ್ಕೆ ಹೋಗಬೇಕಾದದ್ದು ಡಿ ಟವರಿನ 704ಕ್ಕೆ ಹೋಗಿತ್ತು. ನೀಲಿ ಚಪ್ಪಲಿ ಅಲ್ಲಿಯದೇ. ಆ ಮನೆಯಾಕೆ, ಗಂಡ ಕೊನೆಗೂ ಹುಟ್ಟುಹಬ್ಬ ನೆನಪಿಟ್ಟು ತರಿಸಿದ್ದಾರೆಂದು ತಿಳಿದಳು. ಗಂಡ ಅಲ್ಲವೆನ್ನಲಿಲ್ಲ. ಕತ್ತರಿ ಇಡುವಲ್ಲಿಂದ ಕೊನೆಯ ಮಡಿಕೆಯವರೆಗೆ ಎಲ್ಲೂ ನಿಲ್ಲಿಸದೆ ವಿಡಿಯೊ ಮಾಡಿ, ಲೇಬಲ್ಲಿನಲ್ಲಿದ್ದ ಅಂಗಡಿಯ ಹೆಸರು ಹುಡುಕಿ ಇನ್‌ಸ್ಟಾಗ್ರಾಂನಲ್ಲಿ ಟ್ಯಾಗ್ ಮಾಡಿದಳು. ಇಡೀ ಪ್ರಕರಣದಲ್ಲಿ ಇದ್ದ ಒಂದೇ ನಂಬಲರ್ಹ ಸಾಕ್ಷಿ ಅದು. ಅದರ ಕೆಳಗೆ ಆಕೆಯೇ ಬರೆದ ಸಾಲೂ ಇತ್ತು: 'ಸೀರೆ ಸೂಪರ್, ಡೆಲಿವರಿ ಅದಕ್ಕಿಂತ ಸೂಪರ್. ನಾವು ಆರ್ಡರ್ ಮಾಡಿದ್ದೇ ಗೊತ್ತಿರಲಿಲ್ಲ, ಅಷ್ಟರಲ್ಲಿ ಬಂದೇಬಿಟ್ಟಿತು!'