ಎಪಿ ಇಂಗ್ಲಿಷಿನ ಹೋಂವರ್ಕು, ತುಮಕೂರು ಸೀಮೆಯವರ ಮನೆಗಳಲ್ಲಿ

ಅಮೆರಿಕದ ಹೈಸ್ಕೂಲುಗಳಲ್ಲಿ ಕಾಲೇಜು ಮಟ್ಟದ ಪಾಠ ಹೇಳುವ ಏರ್ಪಾಡಿಗೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಎಂದು ಹೆಸರು. ಎಲ್ಲರ ಬಾಯಲ್ಲೂ ಅದು ಎಪಿ. ಕಾಲೇಜ್ ಬೋರ್ಡ್ ಸಂಸ್ಥೆ 1955ರಿಂದ ಇದನ್ನು ನಡೆಸುತ್ತಿದೆ. ಇದರ ಇಂಗ್ಲಿಷ್ ಕೋರ್ಸುಗಳಲ್ಲಿ ಭಾಷೆ ಮತ್ತು ರಚನೆಯದನ್ನು ಸಾಮಾನ್ಯವಾಗಿ ಹನ್ನೊಂದನೇ ಕ್ಲಾಸಿನವರು ತೆಗೆದುಕೊಳ್ಳುತ್ತಾರೆ. ಪರೀಕ್ಷೆ ಮೇ ತಿಂಗಳಲ್ಲಿ: ಒಂದು ಗಂಟೆಯಲ್ಲಿ 45 ಬಹುಆಯ್ಕೆ ಪ್ರಶ್ನೆ, ಎರಡೂಕಾಲು ಗಂಟೆಯಲ್ಲಿ ಮೂರು ಪ್ರಬಂಧ. ಈ ಪ್ರಬಂಧಗಳ ತಾಲೀಮೇ ವಾರವಾರದ ಹೋಂವರ್ಕು. ಕೋರ್ಸಿಗೆ ಹೆಸರು ಕೊಡುವುದು ಒಂದೇ ಮಗುವಾದರೂ ಓದುವುದು ಮನೆಮಂದಿಯೆಲ್ಲ. ತುಮಕೂರು, ಗುಬ್ಬಿ, ಕುಣಿಗಲ್ ಕಡೆಯವರಾದರೆ ಊರಲ್ಲಿ ಉಳಿದವರೂ.

ವಾರ ಶುರುವಾಗುವುದು ಓದಿನಿಂದ. ಕೊಟ್ಟ ಭಾಷಣವನ್ನೋ ಲೇಖನವನ್ನೋ ಓದುತ್ತ ಸಾಲುಗಳಿಗೆ ಗೆರೆ ಎಳೆದು, ತನಗೆ ಅನ್ನಿಸಿದ್ದನ್ನು ಅಂಚಿನಲ್ಲಿ ಬರೆಯಬೇಕು. ಬರೆಯದಿದ್ದರೆ ಅಂಕ ಕಟ್. ತುಮಕೂರಿನಲ್ಲಿ ಪಿಯುಸಿ ಓದಿದ ಅಪ್ಪನಿಗೆ ಇದು ಕಣ್ಣಿಂದ ನೋಡಲಾಗದ ಅನಾಚಾರ. ಆತ ಬಲ್ಲ ಪದ್ಧತಿಯಲ್ಲಿ ಪುಸ್ತಕಕ್ಕೆ ಬೈಂಡು ಹಾಕಿ, ಒಂದು ಗೀಟೂ ಬೀಳದಂತೆ ಕಾಪಾಡಿ, ಮುಂದಿನ ವರ್ಷ ಜೂನಿಯರಿಗೆ ಅರ್ಧ ಬೆಲೆಗೆ ದಾಟಿಸಬೇಕು. ಲೇಖಕನ ಅಭಿಪ್ರಾಯ ಗೈಡಿನಲ್ಲಿರುತ್ತದೆ. ವಿದ್ಯಾರ್ಥಿಗೆ ಅಭಿಪ್ರಾಯ ಇರುವುದಿಲ್ಲ.

ಮೊದಲ ಬಗೆಯ ಪ್ರಬಂಧದಲ್ಲಿ, ಬರೆದವನು ಓದುಗರನ್ನು ಹೇಗೆ ಒಲಿಸಿಕೊಂಡ ಎಂದು ಬಿಡಿಸಿ ತೋರಿಸಬೇಕು. ಅರಿಸ್ಟಾಟಲ್ ಹೇಳಿದ ಮೂರು ದಾರಿಗಳು ಇಲ್ಲಿ ಮುಖ್ಯ: ಮಾತಾಡುವವರ ಯೋಗ್ಯತೆ, ಕೇಳುವವರ ಕರುಳು, ತರ್ಕ. ಕುಣಿಗಲ್ಲಿನ ಅಜ್ಜಿಯ ಒಂದು ವಿಡಿಯೋ ಕಾಲ್‌ನಲ್ಲಿ ಮೂರೂ ಸಿಗುತ್ತವೆ. “ನಿಮ್ಮಪ್ಪನ್ನ ಸಾಕಿದೋಳು ನಾನು” ಎಂಬುದು ಯೋಗ್ಯತೆ. “ಇನ್ನೆಷ್ಟು ದಿನ ಇರ್ತೀನೋ ಏನೋ” ಎಂಬುದು ಕರುಳು. “ಈಗ್ಲೇ ಬುಕ್ ಮಾಡಿದ್ರೆ ಟಿಕೀಟು ಕಮ್ಮಿಯಂತೆ” ಎಂಬುದು ತರ್ಕ. ಡಿಸೆಂಬರಿನಲ್ಲಿ ಊರಿಗೆ ಬನ್ನಿ ಎಂಬ ಮಾತನ್ನು ಅಜ್ಜಿ ಒಮ್ಮೆಯೂ ಆಡಿರುವುದಿಲ್ಲ. ಸಂಜೆಯೊಳಗೆ ಟಿಕೆಟ್ ಬುಕ್ಕಾಗಿರುತ್ತದೆ. ಜನರನ್ನು ಒಲಿಸುವ ವಿದ್ಯೆ ಈ ಸೀಮೆಗೆ ಹಳೆಯದು. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿ ‘ಕುರುಕ್ಷೇತ್ರ’ ನಾಟಕಕ್ಕೆ ನಿಜವಾದ ಆನೆಯನ್ನೇ ರಂಗಕ್ಕೆ ತಂದಿತ್ತು.

ಎರಡನೆಯ ಬಗೆಯದರಲ್ಲಿ ಒಂದು ವಿಷಯದ ಮೇಲೆ ಹಲವು ಆಕರಗಳನ್ನು ಕೊಡುತ್ತಾರೆ. ಕನಿಷ್ಠ ಮೂರನ್ನು ಬಳಸಿ, ಯಾವುದು ಎಲ್ಲಿಂದ ಬಂತೆಂದು ನಮೂದಿಸಿ ಬರೆಯಬೇಕು. 2018ರ ಪರೀಕ್ಷೆಯಲ್ಲಿ ಬಂದ ವಿಷಯ, ಸಾರ್ವಜನಿಕ ಉದ್ದೇಶಕ್ಕಾಗಿ ಸರ್ಕಾರ ಖಾಸಗಿ ಜಮೀನು ವಶಪಡಿಸಿಕೊಳ್ಳುವ ಅಧಿಕಾರ. ಆಕರಗಳು ಆರು, ಎ ಯಿಂದ ಎಫ್‌ವರೆಗೆ. ತುಮಕೂರು–ಶಿವಮೊಗ್ಗ ಹೆದ್ದಾರಿ ನಾಲ್ಕು ಪಥವಾದಾಗ ತೆಂಗಿನ ತೋಟದ ಅಂಚು ಬಿಟ್ಟುಕೊಟ್ಟ ಗುಬ್ಬಿಯ ತಾತ ಏಳನೆಯದು. ಹಳೇ ಪ್ರಶ್ನೆಪತ್ರಿಕೆಯ ಅಭ್ಯಾಸಕ್ಕೆ ಕೂತ ಮೊಮ್ಮಗನಿಗೆ ಅವರು 1894ರ ಭೂಸ್ವಾಧೀನ ಕಾಯ್ದೆ, ಅದರ ಜಾಗಕ್ಕೆ ಬಂದ 2013ರ ಕಾಯ್ದೆ, ಗುಂಟೆಗೆಷ್ಟು, ಮರಕ್ಕೆಷ್ಟು, ಅಳತೆಗೆ ಬಂದವರು ಕುಡಿದ ಎಳನೀರು ಎಷ್ಟು ಎಂಬುದನ್ನೆಲ್ಲ ಮುಕ್ಕಾಲು ಗಂಟೆ ವಿವರಿಸುತ್ತಾರೆ. ಪ್ರಬಂಧಕ್ಕೆ ಇರುವ ಸಮಯ ನಲವತ್ತೇ ನಿಮಿಷ.

ಮೂರನೆಯದು ವಾದದ ಪ್ರಬಂಧ. ಒಂದು ನಿಲುವು ತೆಗೆದುಕೊಂಡು ಸಮರ್ಥಿಸಬೇಕು. ಒಟ್ಟು ಆರು ಅಂಕ: ಸ್ಪಷ್ಟ ನಿಲುವಿಗೆ 1, ಆಧಾರ ಮತ್ತು ವಿವರಣೆಗೆ 4, ಎದುರು ಪಕ್ಷದ ಮಾತನ್ನೂ ತೂಗಿ ನೋಡುವಂಥ ಪ್ರೌಢಿಮೆಗೆ 1. ಕಲಿತದ್ದನ್ನು ಮಗಳು ಮೊದಲು ಪ್ರಯೋಗಿಸುವುದು ರಾತ್ರಿ ಹತ್ತಕ್ಕೆ ಫೋನು ಒಪ್ಪಿಸಬೇಕೆಂಬ ಮನೆಯ ಕಾನೂನಿನ ಮೇಲೆ. ನಿಲುವು ಸ್ಪಷ್ಟ, ಆಧಾರ ಮೂರು, ಅಮ್ಮನ ಕಾಳಜಿಯೂ ಒಪ್ಪತಕ್ಕದ್ದೇ ಎಂಬ ಔದಾರ್ಯ ಬೇರೆ. ಕ್ಲಾಸಿನಲ್ಲಿ ಆರಕ್ಕೆ ಆರು ಬರಬೇಕಾದ ಈ ವಾದಕ್ಕೆ ಮನೆಯಲ್ಲಿ ಬರುವ ತೀರ್ಪು, “ಎದುರು ಮಾತಾಡ್ಬೇಡ, ಫೋನ್ ಕೊಡು.” ತಿಂಗಳಿಗೊಮ್ಮೆ ಟೀಚರನ್ನು ಕಂಡು “ಇವಳು ವಾದ ಮಾಡೋದರಲ್ಲಿ ವೀಕಾ?” ಎಂದು ಆತಂಕದಿಂದ ಕೇಳುವವರೂ ಇದೇ ಅಮ್ಮ.

ಒಪ್ಪಿಸುವ ಗಡುವು ಬಹುಪಾಲು ಭಾನುವಾರ ರಾತ್ರಿ 11:59. ಕ್ಯಾಲಿಫೋರ್ನಿಯಾದ ಬೇಸಿಗೆ ಗಡಿಯಾರದಂತೆ ಆಗ ಕುಣಿಗಲ್ಲಿನಲ್ಲಿ ಸೋಮವಾರ ಮಧ್ಯಾಹ್ನ 12:29. “ಕಳಿಸ್ದಾ ಮಗಾ?” ಎಂದು ಕೇಳಿ, ಹೂಂ ಎನ್ನಿಸಿಕೊಂಡ ಮೇಲೆಯೇ ಅಜ್ಜಿ ಮುದ್ದೆ ಮುರಿಯುವುದು. ನವೆಂಬರಿನ ಮೊದಲ ಭಾನುವಾರ ಅಮೆರಿಕದವರು ಗಡಿಯಾರ ಒಂದು ಗಂಟೆ ಹಿಂದಕ್ಕಿಡುತ್ತಾರೆ. ಮಾರ್ಚಿನವರೆಗೆ ಕುಣಿಗಲ್ಲಿನಲ್ಲಿ ಊಟ ಒಂದೂವರೆಗೆ.

ಫಲಿತಾಂಶ ಜುಲೈನಲ್ಲಿ. ಶ್ರೇಣಿ 1ರಿಂದ 5. ಮೂರು ಬಂದರೂ ಹಲವು ಕಾಲೇಜುಗಳು ಕ್ರೆಡಿಟ್ ಕೊಡುತ್ತವೆ, ಐದಕ್ಕಿಂತ ಮೇಲೆ ಏನೂ ಇಲ್ಲ. ಐದು ಬಂದ ಸುದ್ದಿ ಗುಬ್ಬಿಗೆ ಮುಟ್ಟಿದಾಗ ತಾತನ ಪ್ರಶ್ನೆ ಒಂದೇ: “ಇಂಗ್ಲಿಷ್ ಸರಿ, ಮ್ಯಾಥ್ಸಲ್ಲಿ ಎಷ್ಟು?”