ಕೋಟಿಗೊಂದು ಬೆಲೆ, ಧೋತರಕ್ಕೊಂದು ತಾರೀಖು

ಬೇಸಿಗೆಯಲ್ಲಿ ಯಾದಗಿರಿ 43 ಡಿಗ್ರಿ ಕಾಯುತ್ತದೆ. ಸರಕಾರಕ್ಕೂ ಇದು ಗೊತ್ತು. ಅದಕ್ಕೇ ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1.30ಕ್ಕೆ ಬಾಗಿಲು ಹಾಕುತ್ತವೆ. ಗುಮಾಸ್ತನಿಗೆ ಬಿಸಿಲು ತಾಗುತ್ತದೆ. ಫೈಲಿಗೂ ತಾಗುತ್ತದೆ. ವಕೀಲರ ಕರಿ ಕೋಟಿಗೆ ಮಾತ್ರ ತಾಗುವುದಿಲ್ಲ.

ಆ ಕೋಟನ್ನು ಒಮ್ಮೆ ಹತ್ತಿರದಿಂದ ನೋಡಿ. ಹೆಗಲ ಮೇಲೆ ಬಣ್ಣ ಹೋಗಿ ಕಂದಾಗಿದೆ. ಬೆನ್ನಿನಲ್ಲಿ ಬೆವರು ಒಣಗಿ ಉಪ್ಪಿನ ಬಿಳಿ ಗೆರೆ ಎದ್ದಿದೆ. ಕಂಕುಳಲ್ಲಿ ಲೈನಿಂಗ್ ಹರಿದಿದೆ. ಬೈಕಿನ ಹ್ಯಾಂಡಲ್‌ಗೆ ನೇತಾಡುತ್ತ ಬಂದದ್ದು ಕೋರ್ಟಿನ ಗೇಟಿನಲ್ಲಿ ಮೈಗೇರುತ್ತದೆ. ಇದಕ್ಕೆ ನ್ಯಾಯಾಂಗದ ಘನತೆ ಎಂದು ಹೆಸರು.

ಈ ಘನತೆಯ ಮೂಲ ಕೇಳಿದರೆ ಇಂಗ್ಲೆಂಡಿಗೆ ಕರೆದೊಯ್ಯುತ್ತಾರೆ. 1694ರಲ್ಲಿ ಎರಡನೇ ಮೇರಿ ರಾಣಿ ತೀರಿಕೊಂಡಳಂತೆ, ಆ ಶೋಕಕ್ಕೆ ಅಲ್ಲಿಯ ಕೋರ್ಟಿನವರು ಕಪ್ಪು ತೊಟ್ಟರಂತೆ. ಹೆತ್ತ ತಾಯಿ ಸತ್ತರೂ ಹನ್ನೊಂದು ದಿನಕ್ಕೆ ಕಳೆಯುವ ಸೂತಕ, ಪರದೇಶದ ರಾಣಿಗೆ ಮುನ್ನೂರು ವರ್ಷವಾದರೂ ಕಳೆದಿಲ್ಲ. ಇಂಗ್ಲೆಂಡಿನವರಾದರೂ ಸುಧಾರಿಸಿಕೊಂಡರು. 2011ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು, ಎರಡೂ ಕಡೆಯ ವಕೀಲರು ಒಪ್ಪಿದರೆ ವಿಗ್ಗು, ಗೌನು ಬೇಡ ಎಂದಿತು. ಸತ್ತವರ ಮನೆಯವರು ಸೂತಕ ಕಳೆದರು. ನಾವಿನ್ನೂ ಕೂತಿದ್ದೇವೆ.

ನಮ್ಮಲ್ಲಿ ಬದಲಾವಣೆ ಬರಲೇ ಇಲ್ಲ ಎನ್ನುವಂತಿಲ್ಲ. 2024ರ ಜುಲೈ 1ಕ್ಕೆ ಬ್ರಿಟಿಷರ ಕಾಲದ ದಂಡ ಸಂಹಿತೆ ಹೋಯಿತು, ನ್ಯಾಯ ಸಂಹಿತೆ ಬಂತು. ಗುಲಾಮಗಿರಿಯ ಗುರುತು ಅಳಿಸಿದೆವು ಎಂದು ಭಾಷಣಗಳಾದವು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಾಧೀಶರ ಗ್ರಂಥಾಲಯದ ಹೊಸ ನ್ಯಾಯದೇವತೆ ಸುದ್ದಿಯಾದಳು. ಮೈಮೇಲೆ ಸೀರೆ, ಕೈಯಲ್ಲಿ ಕತ್ತಿಯ ಬದಲು ಸಂವಿಧಾನ, ಕಣ್ಣಿಗೆ ಪಟ್ಟಿ ಇಲ್ಲ. ದೇವತೆ ಸೀರೆ ಉಟ್ಟಳು. ಅರ್ಚಕರು ಮಾತ್ರ ಕೋಟು ಬಿಡಲೊಲ್ಲರು.

ತಮಾಷೆಯೆಂದರೆ, ಬಿಡಬಹುದೆಂದು ನಿಯಮವೇ ಹೇಳುತ್ತದೆ. ಭಾರತೀಯ ವಕೀಲರ ಪರಿಷತ್ತಿನ ನಿಯಮದ ಪ್ರಕಾರ ಸುಪ್ರೀಂ ಕೋರ್ಟು ಮತ್ತು ಹೈಕೋರ್ಟು ಬಿಟ್ಟು ಉಳಿದೆಡೆ ಬೇಸಿಗೆಯಲ್ಲಿ ಕರಿ ಕೋಟು ಕಡ್ಡಾಯವಲ್ಲ. ಯಾದಗಿರಿ, ಶಹಾಪುರ, ಸುರಪುರದ ಕೋರ್ಟುಗಳೆಲ್ಲ ಈ 'ಉಳಿದೆಡೆ'ಯಲ್ಲೇ ಬರುತ್ತವೆ. ಆದರೂ ಬೇಸಿಗೆ ಬಂದರೆ ವಕೀಲರ ಸಂಘಗಳು ಮನವಿ ಬರೆಯುತ್ತವೆ. ತನ್ನ ಜೇಬಿನ ದುಡ್ಡನ್ನೇ ಸಾಲ ಕೇಳಿದ ಹಾಗೆ.

2024ರಲ್ಲಿ ಬೆಂಗಳೂರಿನ ವಕೀಲರ ಸಂಘ ಪತ್ರ ಬರೆಯಿತು. ಹೈಕೋರ್ಟು ಕರುಣೆ ತೋರಿತು. ಏಪ್ರಿಲ್ 18ರಿಂದ ಮೇ 31ರವರೆಗೆ ಜಿಲ್ಲಾ ಮತ್ತು ವಿಚಾರಣಾ ನ್ಯಾಯಾಲಯಗಳಲ್ಲಿ ಕೋಟಿಗೆ ವಿನಾಯಿತಿ ಸಿಕ್ಕಿತು. ನಮ್ಮ ಬಿಸಿಲಿಗೆ ಬೆಲೆ ಬರಬೇಕಾದರೆ ಮೊದಲು ಬೆಂಗಳೂರು ಬೆವರಬೇಕು.

ಸರಿ, ನಿಯಮ ಉಂಟು, ಆದೇಶವೂ ಬಂದಿತ್ತು. ಕೋಟು ಯಾಕೆ ಇಳಿಯುವುದಿಲ್ಲ? ಶಹಾಪುರದ ಕಿರಿಯ ವಕೀಲರೊಬ್ಬರನ್ನು ಕೇಳಿದೆ. "ಕೋಟ್ ತೆಗದ್ರ ಕಕ್ಷಿದಾರ ಬಾಜೂ ಟೇಬಲ್ಲಿಗಿ ಹೋಗ್ತಾನ್ರಿ" ಅಂದರು. ಸಾಕ್ಷಿ ಇಲ್ಲಿಗೆ ಮುಗಿಯಿತು. ಪಾಟೀ ಸವಾಲು ಬೇಕಿಲ್ಲ.

ಜನರೇ ಕೂತು ತೀರ್ಪು ಹೇಳುವ ಜ್ಯೂರಿ ನಮ್ಮ ದೇಶದಲ್ಲಿ ಈಗ ಇಲ್ಲ. ಒಂದು ಕಾಲಕ್ಕೆ ಇತ್ತು. 1959ರಲ್ಲಿ ಮುಂಬೈಯಲ್ಲಿ ಕಮಾಂಡರ್ ನಾನಾವತಿ ಕೊಲೆ ಆರೋಪ ಹೊತ್ತು, ನೌಕಾಪಡೆಯ ಬಿಳಿ ಸಮವಸ್ತ್ರದಲ್ಲಿ ಜ್ಯೂರಿಯ ಮುಂದೆ ನಿಂತರು. ಒಂಬತ್ತರಲ್ಲಿ ಎಂಟು ಮಂದಿ ತಪ್ಪಿಲ್ಲ ಎಂದುಬಿಟ್ಟರು. ಹೈಕೋರ್ಟು ಆ ತೀರ್ಪನ್ನು ಕಿತ್ತುಹಾಕಿ ಜೀವಾವಧಿ ಕೊಟ್ಟಿತು. 1961ರಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವೇ ಇರಲಿಲ್ಲ.

ಒಳಗಿನ ಜ್ಯೂರಿ ಹೋಯಿತು. ಹೊರಗಿನದು ಬೇವಿನ ಮರದ ಕೆಳಗೆ ಕೂತೇ ಇದೆ. ಕಾಯಿದೆ ಓದಿಲ್ಲ, ದಾವೆಯ ಕಾಗದ ಓದಿಲ್ಲ. ನೋಡುವುದು ಕೋಟನ್ನು. ಹೊಸ ಕೋಟಿದ್ದರೆ ದೊಡ್ಡ ವಕೀಲ, ಹಳೆಯದಿದ್ದರೆ ಜಾಮೀನಿನ ವಕೀಲ, ಕೋಟೇ ಇಲ್ಲದಿದ್ದರೆ ಟೈಪಿಸ್ಟ್. ಫೀಸೂ ಹಾಗೇ ನಿಕ್ಕಿಯಾಗುತ್ತದೆ. ಠಾಣೆಯಲ್ಲಿ ಕೋಟಿಗೆ ಕುರ್ಚಿ, ಕಕ್ಷಿದಾರನಿಗೆ ಗೋಡೆ. ತಹಸೀಲಿನಲ್ಲಿ ಕೋಟಿಗೆ ಚಹಾ, ಕಕ್ಷಿದಾರನಿಗೆ 'ನಾಳೆ ಬಾ'. ಕೋರ್ಟಿನ ಹೊರಗೆ ಬ್ಯಾಂಡು, ಗೌನು ತೊಟ್ಟು ತಿರುಗಬಾರದೆಂದು ವಕೀಲರ ನಿಯಮದಲ್ಲೇ ಇದೆ. ಚಹಾದಂಗಡಿಗೆ ಆ ಪುಟ ಇನ್ನೂ ತಲುಪಿಲ್ಲ.

ಎಲ್ಲದಕ್ಕೂ ಮಿಗಿಲಾದ ಮಾತು ಇನ್ನೊಂದಿದೆ. ಅದೇ ನಿಯಮಾವಳಿ ವಕೀಲರು ಧೋತರ ಉಡಬಹುದು ಎನ್ನುತ್ತದೆ. ಜೀನ್ಸ್ ಕೂಡದು, ಧೋತರ ಅಡ್ಡಿಯಿಲ್ಲ. ಯಾದಗಿರಿ, ಶಹಾಪುರ, ಸುರಪುರ ಮೂರೂ ಊರು ತಿರುಗಿ, ಧೋತರ ಉಟ್ಟು ವಾದ ಮಾಡುವ ಒಬ್ಬ ವಕೀಲರನ್ನು ನನಗೆ ತೋರಿಸಿ. ಧೋತರ ಉಟ್ಟವರು ಕೋರ್ಟಿನ ತುಂಬ ಇದ್ದಾರೆ. ಆದರೆ ಅವರು ಪಡಸಾಲೆಯಲ್ಲಿದ್ದಾರೆ.

ಅವರಲ್ಲೊಬ್ಬನನ್ನು ನೋಡಿ. ನಾರಾಯಣಪುರದ ಎಡದಂಡೆ ಕಾಲುವೆಗೆ ಹೊಲ ಕೊಟ್ಟು, ಪರಿಹಾರಕ್ಕೆ ಸುರಪುರದ ಕೋರ್ಟು ಅಲೆಯುವ ಮುದುಕ. ಹೆಸರು ಕೂಗಿದೊಡನೆ ಚಪ್ಪಲಿ ಬಾಗಿಲಲ್ಲಿ ಬಿಡುತ್ತಾನೆ. ಯಾರೂ ಹೇಳಿರುವುದಿಲ್ಲ. ರುಮಾಲು ಬಿಚ್ಚಿ ಕಂಕುಳಿಗೆ ಸಿಕ್ಕಿಸುತ್ತಾನೆ. ಅದನ್ನೂ ಯಾರೂ ಹೇಳಿರುವುದಿಲ್ಲ. "ಏ ಮುದ್ಯಾ, ನೆಟ್ಟಗ ನಿಂದ್ರು" ಎಂದು ಹೇಳುವವರು ಮಾತ್ರ ಇದ್ದೇ ಇರುತ್ತಾರೆ. ನೆಟ್ಟಗೆ ನಿಲ್ಲುತ್ತಾನೆ. ಮುಂದಿನ ತಾರೀಖು ಸಿಗುತ್ತದೆ. ಹೊರಗೆ ಬಂದು ರುಮಾಲು ಸುತ್ತಿ ವಕೀಲರನ್ನು ಕೇಳುತ್ತಾನೆ: "ಏನಂದ್ರಿ ಸಾಹೇಬ್ರು?" ಅವನದೇ ದಾವೆ, ಅವನೆದುರೇ ನಡೆದದ್ದು. ಅವನಿಗೆ ಅರ್ಥವಾದದ್ದು ಕೋಟೊಂದೇ.

2024ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಒಂದು ಒಳ್ಳೆಯ ಮಾತು ಹೇಳಿತು. ಕೋರ್ಟಿಗೆ ಬರುವ ಸರಕಾರಿ ಅಧಿಕಾರಿಗಳ ಉಡುಪು, ರೂಪದ ಬಗ್ಗೆ ಸುಮ್ಮಸುಮ್ಮನೆ ಟೀಕೆ ಮಾಡಬೇಡಿ, ಅವರನ್ನು ಅವಮಾನಿಸಬೇಡಿ ಎಂದಿತು. ಒಪ್ಪಿದೆವು. ಐಎಎಸ್ ಅಧಿಕಾರಿಯ ಕೋಟಿನ ಗುಂಡಿಗೆ ರಕ್ಷಣೆ ಸಿಕ್ಕಿತು. ಮುದುಕನ ರುಮಾಲಿಗೆ ಯಾವ ಮಾರ್ಗಸೂಚಿ? ನ್ಯಾಯದೇವತೆಯ ಕಣ್ಣಪಟ್ಟಿ ಬಿಚ್ಚಿದ್ದೇನೋ ಸರಿ. ಕಣ್ಣು ಬಿಟ್ಟವಳು ಮೊದಲು ನೋಡುವುದು ಬಟ್ಟೆಯನ್ನಾದರೆ, ಪಟ್ಟಿ ಇದ್ದದ್ದೇ ವಾಸಿಯಿತ್ತು.

ಹಾಗಾಗಿ ಸರಕಾರಕ್ಕೊಂದು ಸಲಹೆ. ಕೋಟಿಗಷ್ಟು ಮರ್ಯಾದೆ ಇರುವುದೇ ಖರೆ ಆದರೆ ವಕೀಲರೊಬ್ಬರಿಗೇ ಯಾಕೆ? ಭಾಗ್ಯಗಳ ನಾಡಿದು. ಇನ್ನೊಂದು ಸೇರಲಿ: ಕೋಟು ಭಾಗ್ಯ. ಯಾದಗಿರಿ ಜಿಲ್ಲೆಯ ಪ್ರತಿ ಕಕ್ಷಿದಾರನಿಗೂ ಒಂದೊಂದು ಕರಿ ಕೋಟು, ಧೋತರದ ಮೇಲೆ ತೊಡಲಿಕ್ಕೆ. ಪರಿಹಾರ ಬೇಗ ಸಿಗುತ್ತದೆಂದು ಹೇಳಲಾರೆ. ಕೂರಲಿಕ್ಕೆ ಕುರ್ಚಿಯಂತೂ ಸಿಕ್ಕೀತು.